ಡ್ರಮ್ ಬಾರಿಸಿದ್ದು ನಾಲ್ಕೇ ವರ್ಷ

ಪೇಟೆಯಲ್ಲಿ 'ರಾಮೋನ್ಸ್' ಎಂದು ಬರೆದ ಕಪ್ಪು ಟೀ ಶರ್ಟ್ ತೊಟ್ಟವರನ್ನು ನೀವು ನೋಡಿರಬಹುದು. ಅದು ಬಟ್ಟೆ ಕಂಪನಿಯ ಹೆಸರಲ್ಲ. ಪಂಕ್ ರಾಕ್ ಎಂಬ ಸಂಗೀತಕ್ಕೆ ಅಡಿಪಾಯ ಹಾಕಿದ, ನ್ಯೂಯಾರ್ಕಿನ ನಾಲ್ವರು ಯುವಕರ ತಂಡದ ಹೆಸರು. ಆ ತಂಡದ ಮೊದಲ ಡ್ರಮ್ಮರ್ ಟಾಮಿ ರಾಮೋನ್ ಅವರ ವೃತ್ತಿಜೀವನವು ನಮ್ಮಂಥ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೂ ತಿಳಿಯಬೇಕಾದ ವಿಷಯ.

ಟಾಮಿ ಹುಟ್ಟಿದ್ದು 1949ರಲ್ಲಿ, ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ. ನಿಜವಾದ ಹೆಸರು ತಮಾಶ್ ಎರ್ಡೇಯಿ. ತಂದೆ ತಾಯಿ ಇಬ್ಬರೂ ಛಾಯಾಗ್ರಾಹಕರು, ಯಹೂದಿಗಳು. ನಾಜಿಗಳ ಕಾಲದಲ್ಲಿ ನೆರೆಹೊರೆಯವರು ಬಚ್ಚಿಟ್ಟಿದ್ದರಿಂದ ಅವರ ಜೀವ ಉಳಿಯಿತು. ಬಂಧುಗಳಲ್ಲಿ ಅನೇಕರು ಕೊಲೆಯಾದರು. 1956ರ ಹಂಗೇರಿ ಕ್ರಾಂತಿಯ ಸಮಯದಲ್ಲಿ ಈ ಕುಟುಂಬ ದೇಶ ಬಿಟ್ಟು ಅಮೆರಿಕ ಸೇರಿತು.

ಶಾಲೆಯಲ್ಲಿ ಟಾಮಿ ನುಡಿಸುತ್ತಿದ್ದದ್ದು ಗಿಟಾರ್. ನಂತರ ರೆಕಾರ್ಡ್ ಪ್ಲಾಂಟ್ ಎಂಬ ಸ್ಟುಡಿಯೋದಲ್ಲಿ ಸಹಾಯಕ ಎಂಜಿನಿಯರ್ ಆಗಿ ಧ್ವನಿಮುದ್ರಣದ ಕೆಲಸ ಕಲಿತರು. 1974ರಲ್ಲಿ ಗೆಳೆಯರು ತಂಡ ಕಟ್ಟಿದಾಗ ಇವರ ಪಾತ್ರ ಮ್ಯಾನೇಜರ್‌ನದು. ಆಗ ಡ್ರಮ್ ಬಾರಿಸುತ್ತಿದ್ದವರು ಜೋಯಿ. ಜೋಯಿ ಮುಖ್ಯ ಗಾಯಕರಾದಾಗ ಡ್ರಮ್ಮಿನ ಜಾಗ ಖಾಲಿಯಾಯಿತು. ಪರೀಕ್ಷೆಗೆ ಬಂದ ಡ್ರಮ್ಮರ್‌ಗಳು ಕೈಚಳಕ ತೋರಿಸುತ್ತಿದ್ದರೇ ಹೊರತು ತಂಡಕ್ಕೆ ಬೇಕಾದ ಸರಳ ತಾಳ ಅವರಿಗೆ ಹಿಡಿಯುತ್ತಿರಲಿಲ್ಲ. ಹೇಗೆ ಬಾರಿಸಬೇಕೆಂದು ತೋರಿಸಲು ಕೂತ ಮ್ಯಾನೇಜರೇ ಕೊನೆಗೆ ಡ್ರಮ್ಮರ್ ಆದರು. ನಾಲ್ವರೂ ರಾಮೋನ್ ಎಂಬ ಅಡ್ಡಹೆಸರು ಇಟ್ಟುಕೊಂಡರು. ಆದರೆ ಅವರು ಅಣ್ಣತಮ್ಮಂದಿರಲ್ಲ.

ಆ ತಾಳ ಹೇಗಿತ್ತು? ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಒಂದು ಮತ್ತು ಮೂರಕ್ಕೆ ಕಾಲಿನಿಂದ ದೊಡ್ಡ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಎಡಗೈಯಿಂದ ಸ್ನೇರ್ ಡ್ರಮ್. ಈ ನಾಲ್ಕು ಎಣಿಕೆಯೊಳಗೆ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಾಳದ ತಟ್ಟೆಯ ಮೇಲೆ ಎಂಟು ಪೆಟ್ಟು ಹಾಕಬೇಕು. ನಿಧಾನವಾಗಿ ಮಾಡಿದರೆ ಸುಲಭ. ರಾಮೋನ್ಸ್ ವೇಗದಲ್ಲಿ ಎಂಟರಲ್ಲಿ ಒಂದನ್ನೂ ಬಿಡದೆ, ಹಾಡಿನ ಆರಂಭದಿಂದ ಕೊನೆಯವರೆಗೆ ಬಾರಿಸುವುದು ಬಹಳ ಕಷ್ಟ, ಮಣಿಕಟ್ಟು ಸೋಲುತ್ತದೆ. ಡ್ರಮ್ಮರ್ ಒಬ್ಬನೇ ಹತ್ತು ನಿಮಿಷ ಮೆರೆಯುವ ರೂಢಿ ಇದ್ದ ಆ ಕಾಲದಲ್ಲಿ ಟಾಮಿ ಅಲಂಕಾರಗಳನ್ನೆಲ್ಲ ತೆಗೆದುಹಾಕಿ ತಂಡದ ಓಟವನ್ನು ಮಾತ್ರ ಕಾದರು.

ಈಗ ಲೆಕ್ಕಕ್ಕೆ ಬರೋಣ. 1976ರಲ್ಲಿ ಬಂದ ಮೊದಲ ಆಲ್ಬಂಗೆ ಆದ ಖರ್ಚು ಸುಮಾರು 6,400 ಡಾಲರ್. ಧ್ವನಿಮುದ್ರಣ ಒಂದು ವಾರದಲ್ಲಿ ಮುಗಿಯಿತು. 14 ಹಾಡುಗಳು, ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. ಖರ್ಚು ಇಷ್ಟು ಕಡಿಮೆಯಾಗಲು ಕಾರಣವಿದೆ: ಹಾಡುಗಳು ಮೊದಲೇ ಪೂರ್ತಿ ಅಭ್ಯಾಸವಾಗಿದ್ದವು, ಸ್ಟುಡಿಯೋ ಕೆಲಸ ಬಲ್ಲವರು ತಂಡದಲ್ಲೇ ಇದ್ದರು. ಆದರೂ ಮಾರಾಟ ನಿರಾಶೆ ತಂದಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ತಲುಪಿದ ಅತ್ಯುನ್ನತ ಸ್ಥಾನ 111. ಆ ವರ್ಷದ ಲೆಕ್ಕ ಮಾತ್ರ ನೋಡಿದರೆ ಇದನ್ನು ಯಶಸ್ಸು ಎನ್ನಲಾಗದು.

ಊರಿಂದೂರಿಗೆ ಸುತ್ತುವ ಪ್ರವಾಸಗಳಿಂದ ದಣಿದ ಟಾಮಿ 1978ರಲ್ಲಿ ಡ್ರಮ್ ಬಿಟ್ಟರು. ಮಾರ್ಕಿ ಆ ಜಾಗಕ್ಕೆ ಬಂದರು. ಜಾಗ ಬಿಟ್ಟುಕೊಟ್ಟ ಟಾಮಿ ಸಂಬಂಧ ಬಿಡಲಿಲ್ಲ. ಅದೇ ವರ್ಷದ 'ರೋಡ್ ಟು ರುಯಿನ್' ಆಲ್ಬಂನ ನಿರ್ಮಾಣದಲ್ಲಿ ಪಾಲುದಾರರಾದರು. 1984ರಲ್ಲಿ ತಂಡದ ಇನ್ನೊಂದು ಆಲ್ಬಂ, 1985ರಲ್ಲಿ ರಿಪ್ಲೇಸ್‌ಮೆಂಟ್ಸ್ ತಂಡದ 'ಟಿಮ್' ಆಲ್ಬಂ ಕೂಡ ಇವರ ಕೈಯಲ್ಲೇ ತಯಾರಾದವು. ಮುಂದೆ 'ಅಂಕಲ್ ಮಾಂಕ್' ಎಂಬ ಇಬ್ಬರ ತಂಡ ಕಟ್ಟಿ, ಮ್ಯಾಂಡೊಲಿನ್ ಹಿಡಿದು ಅಮೆರಿಕದ ಹಳ್ಳಿಗಾಡಿನ ಬ್ಲೂಗ್ರಾಸ್ ಸಂಗೀತ ನುಡಿಸಿದರು.

ವೃತ್ತಿ ಎಂದರೆ ಒಂದೇ ಕುರ್ಚಿಯಲ್ಲಿ ನಿವೃತ್ತಿವರೆಗೆ ಕೂರುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಡ್ರಮ್ಮಿನ ಹಿಂದೆ ಟಾಮಿ ಕೂತದ್ದು ನಾಲ್ಕೇ ವರ್ಷ. ಆದರೆ ಸ್ಟುಡಿಯೋದಲ್ಲಿ ಕಲಿತ ವಿದ್ಯೆ ಮ್ಯಾನೇಜರ್ ಆಗಿದ್ದಾಗ, ಡ್ರಮ್ಮರ್ ಆಗಿದ್ದಾಗ, ನಿರ್ಮಾಪಕ ಆದಾಗ, ಎಲ್ಲ ಕಡೆಯೂ ಕೆಲಸಕ್ಕೆ ಬಂತು. ಕಲಿತದ್ದನ್ನೂ ಬಂಡವಾಳವೆಂದೇ ಎಣಿಸಬೇಕು. ಅದಕ್ಕೆ ಸವಕಳಿ ಇಲ್ಲ.

ಆ ಮೊದಲ ಆಲ್ಬಂ ಅಮೆರಿಕದಲ್ಲಿ 5 ಲಕ್ಷ ಪ್ರತಿಗಳ ಗಡಿ ದಾಟಿ 'ಗೋಲ್ಡ್' ಮಾನ್ಯತೆ ಪಡೆದದ್ದು 2014ರ ಏಪ್ರಿಲ್‌ನಲ್ಲಿ, ಬಿಡುಗಡೆಯಾದ 38 ವರ್ಷಗಳ ಮೇಲೆ. ಜೋಯಿ, ಡೀ ಡೀ, ಜಾನಿ ಮೂವರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಮೊದಲ ನಾಲ್ವರಲ್ಲಿ ಆ ದಿನಕ್ಕೆ ಉಳಿದಿದ್ದವರು ಟಾಮಿ ಒಬ್ಬರೇ. ಅದೇ ವರ್ಷ ಜುಲೈ 11ರಂದು ಅವರೂ ಕ್ಯಾನ್ಸರ್‌ನಿಂದ ನಿಧನರಾದರು.