ಜಗ್ಗು, ಜಗ್ಗು, ಸುಮ್ಮನಿರು

ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ. ಡೆಟ್ರಾಯಿಟ್ ನಗರಕ್ಕೆ ಅಂಟಿಕೊಂಡೇ ಇರುವ ಸೇಂಟ್ ಕ್ಲೇರ್ ಸರೋವರದಲ್ಲಿ ದೋಣಿ ನಿಲ್ಲಿಸಿಕೊಂಡು ಕೂತಿದ್ದೇವೆ. ದೋಣಿಯ ಪರದೆಯಲ್ಲಿ ನೀರಿನ ಬಿಸಿ 46 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 8 ಡಿಗ್ರಿ. ನಾನು ಎಸೆದ ಪ್ಲಾಸ್ಟಿಕ್ ಮೀನು ನಲವತ್ತು ಗಜ ಆಚೆ ನೀರಿನೊಳಗೆ ತೂಗುತ್ತಿದೆ. ಎರಡು ಸಲ ಜಗ್ಗಿ ನಿಲ್ಲಿಸಿದ್ದೇನೆ. ಪಕ್ಕದಲ್ಲಿದ್ದ ಹಿರಿಯರು, ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮೆಲ್ಲಗೆ ಎಣಿಸುತ್ತಿದ್ದಾರೆ. ಏಳು, ಎಂಟು, ಒಂಬತ್ತು. ನನ್ನ ಕೈ ಕೇಳಲಿಲ್ಲ, ಹತ್ತಕ್ಕೇ ಜಗ್ಗಿಬಿಟ್ಟಿತು. ಅವರು ಬೈಯಲಿಲ್ಲ. ತಮ್ಮ ಗಾಳ ಎಸೆದು, ಎರಡು ಸಲ ಜಗ್ಗಿ, ಥರ್ಮಸ್ಸಿನಿಂದ ಕಾಫಿ ಬಗ್ಗಿಸಿಕೊಂಡು, ಒಂದು ಗುಟುಕು ಕುಡಿದು, ಮುಚ್ಚಳ ತಿರುಗಿಸಿ ಇಟ್ಟರು. ಅಷ್ಟರಲ್ಲಿ ಅವರ ದಾರ ಬಲಕ್ಕೆ ಸರಿಯಿತು.

ಆ ವಸ್ತುವಿನ ಹೆಸರು ಜೆರ್ಕ್‌ಬೇಟ್. ಜಗ್ಗಿ ಆಡಿಸುವ ಹುಸಿಮೀನು ಅನ್ನಬಹುದು. ಹೆಸರಿನಲ್ಲೇ ಜಗ್ಗಾಟ ಇದ್ದರೂ ತಣ್ಣೀರಿನಲ್ಲಿ ಮೀನು ಕಚ್ಚುವುದು ಬಹುಪಾಲು ಜಗ್ಗದೆ ಬಿಟ್ಟಾಗ. ಇದು ತಲೆಗೆ ಬೇಗ ಹತ್ತಿತು. ಕೈಗೆ ಹತ್ತಲು ನನಗೆ ಎರಡು ವಸಂತ ಬೇಕಾಯಿತು. ತೀರ್ಥಹಳ್ಳಿ ಕಡೆಯ ಹಳ್ಳದಲ್ಲಿ ಎರೆಹುಳು ಚುಚ್ಚಿ ಬೆಂಡು ನೋಡುತ್ತ ಕೂತು ಬೆಳೆದವನು ನಾನು. ಅಲ್ಲಿ ಬೆಂಡು ಮುಳುಗಿದರೆ ಎಳೆದರಾಯಿತು. ಇಲ್ಲಿ ಎಳೆಯುವುದನ್ನೂ ಬಿಡುವುದನ್ನೂ ಮೊದಲಿಂದ ಕಲಿಯಬೇಕಾಯಿತು.

ನಾವು ಕಾದು ಕೂತದ್ದು ಬ್ಯಾಸ್ ಮೀನಿಗೆ. ಬ್ಯಾಸ್ ಅಂದರೆ ನಮ್ಮ ಕರಾವಳಿಯ ಹೋಟೆಲಿನಲ್ಲಿ ಸಿಗುವ ಸೀಬ್ಯಾಸ್ ಅಲ್ಲ. ಇವೆರಡಕ್ಕೂ ಹೆಸರಷ್ಟೇ ನೆಂಟಸ್ತಿಕೆ. ಇದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆಮೀನು. ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್ ಎರಡೂ ಪ್ರಸಿದ್ಧ. ಸೇಂಟ್ ಕ್ಲೇರ್ ಹೆಸರಾಗಿರುವುದು ಸ್ಮಾಲ್‌ಮೌತ್‌ಗೆ: ಕಂಚಿನ ಬಣ್ಣ, ಮೈಮೇಲೆ ಅಡ್ಡಪಟ್ಟೆ, ಗಾತ್ರಕ್ಕೆ ಮೀರಿದ ಸಿಟ್ಟು.

ಹುಸಿಮೀನಿನ ವಂಶವೃಕ್ಷ ಹಿಡಿದು ಹೋದರೆ ಫಿನ್‌ಲೆಂಡಿನ ಒಬ್ಬ ಬಡ ಬೆಸ್ತರ ದೋಣಿ ಸಿಗುತ್ತದೆ. ಲೌರಿ ರಾಪಾಲಾ ಸರೋವರದಲ್ಲಿ ಹುಟ್ಟು ಹಾಕುತ್ತ ಸಣ್ಣಮೀನುಗಳ ಹಿಂಡನ್ನು ಗಮನಿಸುತ್ತಿದ್ದರಂತೆ. ಬೇಟೆಮೀನು ಇಡೀ ಹಿಂಡಿನ ಮೇಲೆ ಬೀಳುತ್ತಿರಲಿಲ್ಲ. ಓರೆಯಾಗಿ ತಡವರಿಸುವ ಒಂದನ್ನೇ ಆರಿಸಿ ಹಿಡಿಯುತ್ತಿತ್ತು. 1936ರಲ್ಲಿ ಅವರು ಚಮ್ಮಾರರ ಚಾಕುವಿನಲ್ಲಿ ಬಿರಡೆಮರ ಕೆತ್ತಿ, ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿದ ದ್ರವ ಬಳಿದು ಅಂಥ ತಡವರಿಸುವ ಮೀನನ್ನು ಮಾಡಿದರು. ಅಮೆರಿಕದಲ್ಲಿ ಅದು ಮನೆಮಾತಾಗಿದ್ದು 1962ರ ಆಗಸ್ಟಿನಲ್ಲಿ, ‘ಲೈಫ್’ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ. ಆ ಸಂಚಿಕೆಯ ಮುಖಪುಟದಲ್ಲಿ ಇದ್ದವರು ಆಗಷ್ಟೇ ತೀರಿಕೊಂಡಿದ್ದ ಮರಿಲಿನ್ ಮನ್ರೋ. ದೇಶವೇ ಕೊಂಡು ಓದಿದ ಪತ್ರಿಕೆ. ಒಳಗಿದ್ದ ಹುಸಿಮೀನಿಗೂ ಅದೃಷ್ಟ ಖುಲಾಯಿಸಿತು.

ರಾಪಾಲಾ ಅವರ ಮೀನು ತೇಲುತ್ತಿತ್ತು. ಈಗಿನ ಜೆರ್ಕ್‌ಬೇಟ್ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ಜಗ್ಗುವಷ್ಟೂ ಕೆಳಗಿಳಿದು ಸಾಧಾರಣವಾಗಿ ನಾಲ್ಕರಿಂದ ಆರು ಅಡಿಯಲ್ಲಿ ಓಡುತ್ತದೆ. ಬಿಟ್ಟಲ್ಲಿ ತ್ರಿಶಂಕುವಿನ ಹಾಗೆ ನಿಲ್ಲುತ್ತದೆ. ಜಪಾನಿನ ಮೆಗಾಬಾಸ್ ಕಂಪನಿಯ ವಿಷನ್ 110 ಈ ಜಾತಿಯ ರಾಜ. ಉದ್ದ 11 ಸೆಂಟಿಮೀಟರ್, ತೂಕ ಸುಮಾರು 14 ಗ್ರಾಂ, ಬೆಲೆ 25 ಡಾಲರ್ ಆಸುಪಾಸು. ಅದು ಬಂಡೆಸಂದಿಯಲ್ಲಿ ಸಿಕ್ಕಿಕೊಂಡ ದಿನ ಮನೆಯಲ್ಲಿ ನಾನು ಬೆಲೆ ಹೇಳುವುದಿಲ್ಲ.

ತ್ರಿಶಂಕು ಸ್ಥಿತಿ ಅಷ್ಟು ಸುಲಭದ್ದಲ್ಲ. ನೀರು ತಣ್ಣಗಾದಷ್ಟೂ ಸಾಂದ್ರ. ಜೂನಿನಲ್ಲಿ ನೆಟ್ಟಗೆ ನಿಂತ ಹುಸಿಮೀನು ಏಪ್ರಿಲಿನಲ್ಲಿ ಮೆಲ್ಲಗೆ ಮೇಲೇಳಬಹುದು. ಅದಕ್ಕೇ ಹಳಬರು ಹೊಟ್ಟೆಗೆ ಸೀಸದ ಚುಕ್ಕೆ ಅಂಟಿಸುತ್ತಾರೆ, ಇಲ್ಲವೇ ಗಾಳದ ಕಾಂಡಕ್ಕೆ ಸೀಸದ ತಂತಿ ಸುತ್ತುತ್ತಾರೆ. ನಾನು ಹಿಂದಿನ ರಾತ್ರಿ ಬಕೆಟ್ಟಿಗೆ ನೀರು, ಐಸು ಹಾಕಿ, ಒಂದೊಂದನ್ನೇ ಬಿಟ್ಟು ನೋಡುತ್ತೇನೆ. ಮೂತಿ ಕೊಂಚ ಕೆಳಗೆ ಬಾಗಿ ನಿಂತರೆ ಡಬ್ಬಿಗೆ, ಇಲ್ಲದಿದ್ದರೆ ಮತ್ತೊಂದು ಚುಕ್ಕೆ.

ಇಷ್ಟೆಲ್ಲ ಯಾಕೆಂದರೆ ಮೀನಿನ ಮೈಬಿಸಿ ನೀರಿನ ಬಿಸಿಯೇ. ಎಂಟು ಡಿಗ್ರಿಯಲ್ಲಿ ಅದರ ಜೀರ್ಣ ನಿಧಾನ, ಓಟ ನಿಧಾನ. ಹೊಟ್ಟೆಗೆ ಬೀಳುವುದಕ್ಕಿಂತ ಹೆಚ್ಚು ಖರ್ಚಾಗುವ ಬೇಟೆಯ ಹಿಂದೆ ಅದು ಓಡದು. ಆದರೆ ಓಡಲಾರದ ಮೀನೊಂದು ಕಣ್ಣೆದುರು ತೂಗುತ್ತಿದ್ದರೆ ಮೆಲ್ಲನೆ ಬಂದು ಮೂಸಿ ನೋಡುವಂತೆ ನಿಲ್ಲುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಅಮೆರಿಕದ ದಕ್ಷಿಣದ ಜಲಾಶಯಗಳಲ್ಲಿ ಇದಕ್ಕೆ ಒಂದು ನಿಜವಾದ ಮಾದರಿಯೇ ಇದೆ. ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣಮೀನು ನೀರು 7 ಡಿಗ್ರಿಗೆ ಇಳಿದರೆ ತಡೆಯಲಾರದೆ ಸಾಯತೊಡಗುತ್ತದೆ. ಸಾಯುವಾಗ ಒಮ್ಮೆ ಒದರಿ, ತಟಸ್ಥವಾಗಿ, ಮತ್ತೆ ಒದರುತ್ತದೆ. ಜಗ್ಗು, ಜಗ್ಗು, ಬಿಡು ಎಂಬ ತಾಳ ಅದರದೇ.

ಸೇಂಟ್ ಕ್ಲೇರ್‌ನಲ್ಲಿ ಈ ಆಟ ಇಷ್ಟು ಚೆನ್ನಾಗಿ ನಡೆಯುವುದರ ಹಿಂದೆ ಒಂದು ಅನಾಹುತದ ಕೈವಾಡವಿದೆ. ಜೀಬ್ರಾ ಮಸಲ್ ಎಂಬ ಉಗುರುಗಾತ್ರದ ಚಿಪ್ಪುಜೀವಿ, ನಮ್ಮ ಪಚ್ಚಿಲೆಯಂತೆ ಕಲ್ಲಿಗಂಟಿ ಬದುಕುವಂಥದ್ದು, ಹಡಗುಗಳ ತಳದ ನೀರಿನಲ್ಲಿ ದೂರದ ಕಪ್ಪುಸಮುದ್ರದ ಸೀಮೆಯಿಂದ ಬಂದು 1988ರಲ್ಲಿ ಇದೇ ಸರೋವರದಲ್ಲಿ ಪತ್ತೆಯಾಯಿತು. ಒಂದು ಮಸಲ್ ದಿನಕ್ಕೆ ಒಂದು ಲೀಟರಿನಷ್ಟು ನೀರು ಸೋಸುತ್ತದೆ. ಕೋಟಿಗಟ್ಟಲೆ ಸೇರಿ ಸೋಸಿದ ಮೇಲೆ ಕೇಳಬೇಕೆ? ನೀರು ಗಾಜಾಯಿತು, ತೇಲುಪಾಚಿ ತಿಂದು ಬದುಕುತ್ತಿದ್ದ ಜೀವಗಳ ಊಟ ಹೋಯಿತು, ಕಾರ್ಖಾನೆಗಳ ನೀರಿನ ಕೊಳವೆಗಳು ಕಟ್ಟಿಕೊಂಡವು. ಕಣ್ಣಿನಿಂದ ಬೇಟೆಯಾಡುವ ಸ್ಮಾಲ್‌ಮೌತ್‌ಗೆ ಮಾತ್ರ ಲಾಭ. ಸರೋವರದ ಸರಾಸರಿ ಆಳವೂ ಹನ್ನೊಂದು ಅಡಿಯಷ್ಟೇ. ತಳದಲ್ಲಿದ್ದ ಮೀನಿಗೂ ಮೇಲೆ ಆರಡಿಯಲ್ಲಿ ತೂಗುವ ಹುಸಿಮೀನು ಕಾಣುತ್ತದೆ. ಆ ತಿಳಿನೀರನ್ನು ನೋಡಿ ನನಗೆ ಸಂತೋಷವೂ ಆಗುತ್ತದೆ, ಕಸಿವಿಸಿಯೂ.

ಇನ್ನು ಕೋಲು, ರೀಲಿನ ಜಗಳ. ಜೆರ್ಕ್‌ಬೇಟ್‌ಗೆ ಬೇಟ್‌ಕಾಸ್ಟರ್ ರೀಲೇ ಸರಿ ಎಂದು ಪಟ್ಟು ಹಿಡಿಯುವವರು ಇಲ್ಲಿ ಬಹಳ. ಅದರಲ್ಲಿ ದಾರದ ಸುರುಳಿಯೇ ಗಿರಗಿರ ತಿರುಗಬೇಕು. ಎದುರುಗಾಳಿಗೆ ಹಗುರ ಹುಸಿಮೀನು ನಿಧಾನಿಸಿದರೂ ಸುರುಳಿ ನಿಧಾನಿಸದು, ಕ್ಷಣದಲ್ಲಿ ಕಾಗೆಗೂಡು. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸುರುಳಿ ತಿರುಗುವುದೇ ಇಲ್ಲ. ಮಗ್ಗದ ಲಾಳಿಯೊಳಗಿನ ಕಂಡಿಕೆಯಿಂದ ನೂಲು ಜಾರುವಂತೆ ದಾರ ಅಂಚಿನಿಂದ ಜಾರುತ್ತದೆ. ಹೋಲಿಕೆ ನನ್ನದಲ್ಲ: 1905ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದ ಹೋಲ್ಡನ್ ಇಲಿಂಗ್‌ವರ್ತ್ ಬಟ್ಟೆ ಗಿರಣಿಯ ಮನುಷ್ಯ. ಅಲ್ಲಿನ ನೂಲುಸುರುಳಿಗಳನ್ನು ನೋಡಿಯೇ ಅವರಿಗೆ ಇದು ಹೊಳೆದದ್ದು. ಇಳಕಲ್ಲಿನ ನೇಕಾರರ ಕೈಗೆ ಈ ರೀಲು ಕೊಟ್ಟರೆ ವಿವರಿಸುವ ಅಗತ್ಯವೇ ಬೀಳದು.

ನನ್ನ ತೀರ್ಪು ಸ್ಪಿನ್ನಿಂಗ್ ಕಡೆಗೆ. ಗಾಳಿ ಬೀಸುವ ದೊಡ್ಡ ಸರೋವರ, ಹತ್ತು ಹದಿನಾಲ್ಕು ಗ್ರಾಮಿನ ಹುಸಿಮೀನು, ಮರಗಟ್ಟಿದ ಬೆರಳು. ಮೂರೂ ಸೇರಿದಲ್ಲಿ ಅದೇ ವಾಸಿ. ಆರೂವರೆಯಿಂದ ಏಳಡಿಯ ಮಧ್ಯಮ ಬಿಗುವಿನ ಕೋಲು, 2500 ಅಥವಾ 3000 ಅಳತೆಯ ರೀಲು, 10 ಪೌಂಡಿನ ಹೆಣೆದ ದಾರ, ಅದರ ತುದಿಗೆ ಎಂಟು ಹತ್ತು ಅಡಿ ಫ್ಲೋರೊಕಾರ್ಬನ್ ದಾರ. ಹೆಣೆದ ದಾರ ಹಿಗ್ಗುವುದಿಲ್ಲ, ಆದ್ದರಿಂದ ದೂರದಲ್ಲೂ ಜಗ್ಗು ತಲುಪುತ್ತದೆ; ಫ್ಲೋರೊಕಾರ್ಬನ್ ನೀರಿನಲ್ಲಿ ಅಷ್ಟಾಗಿ ಕಾಣದು. ತೊಂದರೆಯೂ ಉಂಟು. ಸಡಿಲ ದಾರದ ಆಟವಾದ್ದರಿಂದ ಸುರುಳಿಯ ಮೇಲೆ ಸಡಿಲ ಉಂಗುರಗಳು ಕೂತು, ಮುಂದಿನ ಎಸೆತಕ್ಕೆ ಗಂಟಾಗಿ ಹಾರುತ್ತವೆ. ಎಸೆದ ಮೇಲೆ ಬೇಲ್ ಎನ್ನುವ ತಂತಿಯ ಕೈಯನ್ನು ಹ್ಯಾಂಡಲ್ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಬೆರಳಲ್ಲಿ ಬಿಗಿದುಕೊಂಡರೆ ಮುಕ್ಕಾಲು ಗೋಳು ತಪ್ಪುತ್ತದೆ. ಮಾರ್ಚಿನ ಕೊರೆಯುವ ಬೆಳಗಿನಲ್ಲಿ ನೀರು ಕುಡಿದ ಹೆಣೆದ ದಾರ ಕೋಲಿನ ಉಂಗುರಗಳಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೆ ಮದ್ದಿಲ್ಲ, ಕೋಲಿನ ತುದಿಯನ್ನು ನೀರಲ್ಲಿ ಅದ್ದಿ ಕರಗಿಸುತ್ತಿರಬೇಕು.

ಸಡಿಲ ದಾರ ಅಂದೆನಲ್ಲ, ಕಸುಬಿನ ಗುಟ್ಟು ಅಲ್ಲೇ. ಕೋಲಿನ ತುದಿ ನೀರಿನತ್ತ ಇಳಿದಿರಬೇಕು. ಮಣಿಕಟ್ಟಿನಿಂದ ಚುರುಕಾಗಿ ಒಂದು ಜಗ್ಗು, ಜಗ್ಗಿದೊಡನೆ ತುದಿಯನ್ನು ಹುಸಿಮೀನಿನತ್ತ ಬಿಟ್ಟುಕೊಡಬೇಕು. ದಾರ ಬಿಗಿದೇ ಇದ್ದರೆ ಅದು ಎಳೆದ ಕಡೆಗೆ ನೆಟ್ಟಗೆ ಬರುತ್ತದೆ. ಬಿಟ್ಟುಕೊಟ್ಟರೆ ತಲೆ ಹೊರಳಿಸಿ ಪಕ್ಕಕ್ಕೆ ಜಾರುತ್ತದೆ. ಸೂತ್ರದ ಬೊಂಬೆಯಾಟದಲ್ಲೂ ದಾರ ಬಿಗಿದೇ ಹಿಡಿದರೆ ಬೊಂಬೆ ಕುಣಿಯುವುದಿಲ್ಲವಷ್ಟೆ. ನೀರು ಹದಿನೈದು ಡಿಗ್ರಿ ದಾಟಿದರೆ ಬಿಡುವು ಒಂದೆರಡು ಸೆಕೆಂಡು ಸಾಕು. ತಣ್ಣೀರಿಗೆ ಹತ್ತು, ಹದಿನೈದು, ಕೆಲವೊಮ್ಮೆ ಮೂವತ್ತು. ಕಚ್ಚಿದ್ದು ಕೈಗೆ ತಿಳಿಯದೇ ಹೋಗಬಹುದು. ದಾರ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಮುಂದಿನ ಜಗ್ಗಿಗೆ ಒದ್ದೆ ಗೋಣಿ ಸಿಕ್ಕಂತೆ ಭಾರ ತಗಲುತ್ತದೆ. ಆಗ ಜೋರಾಗಿ ಹೊಡೆಯಬಾರದು. ಮೂರುಮುಳ್ಳಿನ ಗಾಳಗಳು ಸಣ್ಣವು, ಹಿಗ್ಗದ ದಾರ ತುಟಿ ಹರಿದುಬಿಡುತ್ತದೆ. ಕೋಲು ಬಾಗಿಸಿ ಹಿಡಿದು, ರೀಲಿನ ಡ್ರ್ಯಾಗ್, ಅಂದರೆ ದಾರದ ತಡೆ, ಸಡಿಲವಿಟ್ಟರೆ ಉಳಿದದ್ದನ್ನು ಮೀನೇ ಆಡುತ್ತದೆ.

ಆ ಗಾಳಗಳು ಮೀನನ್ನಷ್ಟೇ ಹಿಡಿಯುವುದಿಲ್ಲ. ಮೊದಲ ವರ್ಷ ಒದ್ದಾಡುವ ಸ್ಮಾಲ್‌ಮೌತ್ ಬಾಯಲ್ಲಿ ಒಂದು ಗಾಳ, ನನ್ನ ಹೆಬ್ಬೆರಳಲ್ಲಿ ಇನ್ನೊಂದು. ನಾವಿಬ್ಬರೂ ಒಂದೇ ಪ್ಲಾಸ್ಟಿಕ್ಕಿಗೆ ಸಿಕ್ಕಿಬಿದ್ದಿದ್ದೆವು. ಹಿರಿಯರು ಮೊದಲು ಮೀನನ್ನು ಬಿಡಿಸಿದರು, ಆಮೇಲೆ ನನ್ನನ್ನು. ಅಂದಿನಿಂದ ಉದ್ದ ಮೂತಿಯ ಇಕ್ಕಳ ಇಲ್ಲದೆ ಹೊರಡುವುದಿಲ್ಲ, ಮುಳ್ಳಿನ ಹಿಂಗೊಕ್ಕೆಗಳನ್ನು ಒತ್ತಿ ಚಪ್ಪಟೆ ಮಾಡದೆ ನೀರಿಗೆ ಬಿಡುವುದಿಲ್ಲ.

ಊರಿನ ಗೆಳೆಯರು ಇದನ್ನು ಕೇಳಿದರೆ ಕಾವೇರಿಯ ಮಹಶೀರ್ ಮಾತು ತೆಗೆಯುತ್ತಾರೆ. ತೆಗೆಯಬೇಕಾದ್ದೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ನಮ್ಮ ಸ್ಮಾಲ್‌ಮೌತ್ ಆರು ಪೌಂಡ್ ದಾಟಿದರೆ ಫೋಟೊ ಹೊಡೆಸಿಕೊಳ್ಳುತ್ತೇವೆ. ಮಹಶೀರ್‌ಗೆ ಕಾವೇರಿಯ ಗಾಳದವರು ಹಾಕುತ್ತಿದ್ದದ್ದು ರಾಗಿಮುದ್ದೆ. ಅಲ್ಲಿಯೂ ಕಾಯುವುದೇ ಕೆಲಸ. ಆದರೆ ಮುದ್ದೆಗೆ ವಾಸನೆಯಿದೆ, ನೀವು ತೂಕಡಿಸಿದರೂ ಅದು ಹರಿವಿನಲ್ಲಿ ಮೀನನ್ನು ಕರೆಯುತ್ತಿರುತ್ತದೆ. ಪ್ಲಾಸ್ಟಿಕ್ ಮೀನಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೀನಿನ ಕಣ್ಣೊಂದನ್ನೇ ನಂಬಿ ಅದು ನಿಂತಿರುತ್ತದೆ. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನಂಚಿನಲ್ಲಿದೆ ಎನ್ನುವುದನ್ನೂ ಗೆಳೆಯರಿಗೆ ನೆನಪಿಸುತ್ತೇನೆ.

2018ರಿಂದೀಚೆಗೆ ಇಲ್ಲಿ ಹೊಸ ಯಂತ್ರ ಬಂದಿದೆ. ದೋಣಿಯ ಮುಂದಿನ ನೀರನ್ನು ಸೋನಾರಿನಲ್ಲಿ ಸಿನಿಮಾದಂತೆ ತೋರಿಸುತ್ತದೆ. ಹುಡುಗರು ಪರದೆಯಲ್ಲಿ ಮೀನು ನೋಡಿ, ಅದರ ತಲೆಯ ಮೇಲೆ ಜೆರ್ಕ್‌ಬೇಟ್ ಇಳಿಸಿ, ಅದು ತಿರುಗಿದ್ದು ನೋಡಿಕೊಂಡೇ ನಿಲ್ಲಿಸುತ್ತಾರೆ. ಪಂದ್ಯಗಳಲ್ಲಿ ಇದು ಇರಬೇಕೇ ಬೇಡವೇ ಎಂಬ ಜಗಳ ಇನ್ನೂ ಮುಗಿದಿಲ್ಲ. ನಾನು ಒಮ್ಮೆ ನೋಡಿದೆ: ಮೀನಿನ ಗೆರೆ ಹುಸಿಮೀನಿನ ಹಿಂದೆ ಬಂದು ಹನ್ನೆರಡು ಸೆಕೆಂಡು ನಿಂತಿತ್ತು. ನಾನು ಹತ್ತಕ್ಕೇ ಜಗ್ಗುತ್ತಿದ್ದ ದಿನಗಳಲ್ಲಿ ಹೀಗೆ ಎಷ್ಟು ಮೀನು ಬಂದು ಹೋದವೋ ಎಂದು ಹೊಟ್ಟೆ ಉರಿಯಿತು. ಆದರೂ ದೋಣಿಗೆ ಅದನ್ನು ತಂದಿಲ್ಲ. ದಾರ ನೋಡುವ ಸುಖ ಪರದೆ ನೋಡುವುದರಲ್ಲಿಲ್ಲ.

ಡೆಟ್ರಾಯಿಟ್ ಕಡೆಯ ಕನ್ನಡಿಗರು ಯಾರಾದರೂ ವಸಂತದಲ್ಲಿ ಹೊರಡುವುದಿದ್ದರೆ ನಾಲ್ಕು ಮಾತು. ಹದಿನೇಳು ತುಂಬಿದವರಿಗೆ ಮಿಷಿಗನ್ ಲೈಸೆನ್ಸ್ ಬೇಕು. ಸೇಂಟ್ ಕ್ಲೇರ್‌ನಲ್ಲಿ ಜೂನ್ ಮೂರನೆಯ ಶನಿವಾರದವರೆಗೆ ಹಿಡಿದ ಬ್ಯಾಸನ್ನು ಆಗಲೇ ನೀರಿಗೆ ಬಿಡಬೇಕು. ಸರೋವರದ ನಡುವಿನ ಗಡಿ ದಾಟಿದರೆ ಕೆನಡಾದ ನಿಯಮವೇ ಬೇರೆ. ಏಪ್ರಿಲಿನ ಆ ನೀರಿಗೆ ಬಿದ್ದರೆ ಈಜು ಬಲ್ಲವರ ಕೈಕಾಲೂ ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ, ಲೈಫ್ ಜಾಕೆಟ್ ತೊಡದೆ ದಯವಿಟ್ಟು ದೋಣಿ ಹತ್ತಬೇಡಿ.