ಅಣುವೋ, ಪರಮಾಣುವೋ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳಿಗೆ ರಸಾಯನಶಾಸ್ತ್ರದಲ್ಲಿ ಒಂದು ವಿಶೇಷ ತೊಡಕುಂಟು. ತಮಿಳು ಪಠ್ಯದಲ್ಲಿ ‘ಅಣು’ ಎಂದರೆ ನಾವು ಪರಮಾಣು ಎನ್ನುವುದು. ನಮ್ಮ ಅಣುವಿಗೆ ಅಲ್ಲಿ ‘ಮೂಲಕ್ಕೂರು’ ಎಂದು ಹೆಸರು. ಶಾಲೆಯ ಪಾಠವನ್ನು ಮನೆಯಲ್ಲಿ ಕನ್ನಡದಲ್ಲಿ ವಿವರಿಸಹೊರಟ ಹಿರಿಯರು ಇದನ್ನು ಗಮನಿಸದಿದ್ದರೆ ಲೆಕ್ಕವೇ ಕೆಡುತ್ತದೆ. ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣುಗಳಿರುವುದರಿಂದ ಉತ್ತರವು ಮೂರು ಪಟ್ಟು ತಪ್ಪೀತು. (ಕನ್ನಡ ಪತ್ರಿಕೆಗಳೂ ‘ಅಣುಬಾಂಬು’ ಎಂದೇ ಬರೆದು ಈ ಗೊಂದಲಕ್ಕೆ ತಮ್ಮ ಕಾಣಿಕೆ ಸಲ್ಲಿಸಿವೆ!)

ಇನ್ನು ‘ಮೋಲ್’. ನೇಯ್ಗೆ ಬಲ್ಲ ದೇವಾಂಗರ ಮನೆಗಳಲ್ಲಿ ಇದನ್ನು ತಿಳಿಸುವುದು ಸುಲಭ. 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡು ತೂಗುವುದೋ ಅದೇ ಹತ್ತಿನೂಲಿನ ನಂಬರು. 40ರ ನೂಲು ಒಂದು ಪೌಂಡಿದ್ದರೆ 33,600 ಗಜ. 20ರದಾದರೆ ಅದರ ಅರ್ಧ. ಗಜಕಡ್ಡಿ ಹಿಡಿದು ಅಳೆಯುವವರಾರು? ತಕ್ಕಡಿಯೇ ಉದ್ದವನ್ನು ಹೇಳುತ್ತದೆ. ರಸಾಯನಜ್ಞನೂ ತೂಗಿಯೇ ಎಣಿಸುತ್ತಾನೆ. ಒಂದು ಮೋಲ್ ಎಂದರೆ 6.022 × 10²³ ಕಣಗಳು. ಅಷ್ಟು ಅಣುಗಳ ನೀರು 18 ಗ್ರಾಂ ತೂಗುತ್ತದೆ. ಅದರಲ್ಲಿರುವ ಪರಮಾಣುಗಳು ಮೂರು ಮೋಲ್.

ತಿರುಪ್ಪೂರಿನ ಬಣ್ಣದ ತೊಟ್ಟಿಗೆ ಹಾಕುವ ಸೋಡಿಯಂ ಸಲ್ಫೇಟನ್ನೇ ನೋಡೋಣ. ಅದರ ಘಟಕವೊಂದರಲ್ಲಿ ಸೋಡಿಯಂ ಎರಡು, ಗಂಧಕ ಒಂದು, ಆಮ್ಲಜನಕ ನಾಲ್ಕು. (ಇದು ಅಯಾನುಗಳ ಜೋಡಣೆಯಾದುದರಿಂದ ಅಣು ಎನ್ನದೆ ಘಟಕ ಎಂದೆವು.) ಒಂದು ಮೋಲ್ 142 ಗ್ರಾಂ. 71 ಗ್ರಾಂ ತೂಗಿದರೆ ಅರ್ಧ ಮೋಲ್, ಎಂದರೆ 3.011 × 10²³ ಘಟಕಗಳು. ಅದನ್ನು ಏಳರಿಂದ ಗುಣಿಸಿದರೆ ಒಟ್ಟು ಪರಮಾಣುಗಳು ಸುಮಾರು 2.108 × 10²⁴. ಸೋಡಿಯಂ ಮಾತ್ರ ಬೇಕಾದರೆ ಎರಡರಿಂದ ಗುಣಿಸಬೇಕು. ಸರಿಯಾಗಿ ಒಂದು ಮೋಲ್ ದೊರೆಯುತ್ತದೆ.

ಈ ಗುಣಾಕಾರ ಪರೀಕ್ಷೆಗಷ್ಟೇ ಅಲ್ಲ. ಉಪ್ಪು ಬಣ್ಣವನ್ನು ಹತ್ತಿಗೆ ಅಂಟುವಂತೆ ದೂಡುತ್ತದೆಯೇ ಹೊರತು ತಾನು ಬಟ್ಟೆಯಲ್ಲಿ ನಿಲ್ಲುವುದಿಲ್ಲ, ನೀರಿನೊಡನೆ ಹೊರಡುತ್ತದೆ. ನೀರಿನ ಬಣ್ಣ ತೆಗೆದು ತಿಳಿಗೊಳಿಸಿದರೂ ಕರಗಿದ ಸೋಡಿಯಂ ಹೋಗದು. ವರ್ಷಗಟ್ಟಲೆ ಹೀಗೆ ಹರಿದ ಉಪ್ಪು ನೊಯ್ಯಲ್ ನದಿಯನ್ನೂ ಒರತ್ತುಪ್ಪಾಳಯಂ ಅಣೆಕಟ್ಟನ್ನೂ ಸೇರಿ, ಕೆಳಗಿನ ರೈತರ ಬಾವಿ ಹೊಲಗಳನ್ನು ಕೆಡಿಸಿತು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞಾಪಿಸಿತು. ಅನಂತರ ನೀರನ್ನು ಪೊರೆಗಳಲ್ಲಿ ಸೋಸಿ, ಉಳಿದುದನ್ನು ಆವಿಯಾಗಿಸಿ, ಉಪ್ಪನ್ನು ಹರಳಾಗಿ ಮರಳಿ ಪಡೆಯುವ ಕ್ರಮ ಬಂದಿತು. ತೊಟ್ಟಿಗೆ ಸುರಿದ ಪ್ರತಿ 142 ಗ್ರಾಂಗೆ ಎರಡು ಮೋಲ್ ಸೋಡಿಯಂನ ಲೆಕ್ಕ ಒಪ್ಪಬೇಕು. ಹರಳಿನಲ್ಲಿ ಸಿಗದ ಪಾಲು ಕೆಸರಿನಲ್ಲೋ ನೀರಿನಲ್ಲೋ ಇದ್ದೇ ಇರುತ್ತದೆ.