ತೋಟದ ಮಣ್ಣಿನ ಲೆಕ್ಕ

ಹೊಸ ಮನೆ ಕಟ್ಟಿಸಿದವರಿಗೆ ಅಂಗಳದಲ್ಲೊಂದು ಹೂದೋಟವಿರಬೇಕೆಂಬ ಆಸೆ ಸಹಜವಾದುದು. ಆದರೆ ಕಟ್ಟಡದ ಕೆಲಸ ಮುಗಿದಾಗ ನಿವೇಶನದಲ್ಲಿ ಉಳಿಯುವುದು ಇಟ್ಟಿಗೆಯ ಚೂರು, ಗಾರೆ, ಪಾಯದಿಂದ ತೆಗೆದ ನಿಸ್ಸಾರವಾದ ಮಣ್ಣು. ಆದಕಾರಣ ಹೊರಗಿನಿಂದ ಮಣ್ಣು ತರಿಸಬೇಕಾಗುತ್ತದೆ. ಆಗ ಎಲ್ಲರೂ ಕೇಳುವುದು, ‘ಲೋಡಿಗೆ ಎಷ್ಟು ರೂಪಾಯಿ?’ ಎಂದು. ಮೊದಲು ಕೇಳಬೇಕಾದುದು, ‘ಲೋಡೆಂದರೆ ಎಷ್ಟು ಮಣ್ಣು?’ ಎಂದು.

ಲೋಡು ಎಂಬುದು ಅಳತೆಯಲ್ಲ. ಗಾಡಿ ಬದಲಾದರೆ ಲೋಡೂ ಬದಲಾಗುತ್ತದೆ. ತೂಕವನ್ನು ನಂಬುವುದೂ ಕಷ್ಟ. ಮಳೆ ಬಿದ್ದ ಮರುದಿನ ತೂಗಿ ಕೊಂಡರೆ ನೀರಿಗೂ ಹಣ ತೆತ್ತಂತೆ. ಘನ ಅಡಿಯ ಲೆಕ್ಕವೇ ಸರಿಯಾದುದು. ಇದು ನಮಗೆ ಹೊಸದೇನಲ್ಲ. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಲೆಕ್ಕಕ್ಕೆಂದೇ ಒಂದು ಪ್ರಕರಣವುಂಟು.

20 ಅಡಿ ಉದ್ದ, 15 ಅಡಿ ಅಗಲದ ಹುಲ್ಲುಹಾಸಿಗೆ ಅರ್ಧ ಅಡಿ ದಪ್ಪ ಮಣ್ಣು ಬೇಕೆನ್ನೋಣ. ಗುಣಿಸಿದರೆ 150 ಘನ ಅಡಿ. ಸಡಿಲವಾದ ಮಣ್ಣು ನೀರು ಬಿದ್ದಂತೆ ಕುಗ್ಗುವುದರಿಂದ ಐದರಲ್ಲೊಂದು ಪಾಲು ಸೇರಿಸಿ 180 ಎಂದಿಟ್ಟುಕೊಳ್ಳಬಹುದು.

ಈಗ ಇಬ್ಬರು ವ್ಯಾಪಾರಿಗಳ ದರವನ್ನು ಊಹಿಸಿಕೊಳ್ಳೋಣ. ಒಬ್ಬನ ಟ್ರಾಕ್ಟರ್ ಪೆಟ್ಟಿಗೆ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮಟ್ಟಸವಾಗಿ ತುಂಬಿದರೆ 90 ಘನ ಅಡಿ, ಬೆಲೆ 2,700 ರೂಪಾಯಿ. ಎಂದರೆ ಘನ ಅಡಿಗೆ 30. ಇನ್ನೊಬ್ಬನ ಟಿಪ್ಪರಿನಲ್ಲಿ 200 ಘನ ಅಡಿ, ಬೆಲೆ 5,000. ಘನ ಅಡಿಗೆ 25 ಮಾತ್ರ. ಟಿಪ್ಪರೇ ಅಗ್ಗವೆಂದು ತೋರುತ್ತದೆ. ಆದರೆ ಅದು ಬೀದಿಯಲ್ಲೇ ಸುರಿದು ಹೋದರೆ, ಒಳಗೆ ಹೊರಿಸಲು 800 ರೂಪಾಯಿ ಕೂಲಿ ಸೇರಿ 5,800 ಆಯಿತು. ಟ್ರಾಕ್ಟರ್ ಹಿತ್ತಿಲವರೆಗೆ ಬರುವುದಾದರೆ ಎರಡು ಸಲಕ್ಕೆ 5,400ರಲ್ಲಿ ಕೆಲಸ ಮುಗಿಯಿತು. ಆದುದರಿಂದ ಮಣ್ಣು ಬಿದ್ದ ಜಾಗದವರೆಗಿನ ಖರ್ಚನ್ನು ಹೋಲಿಸಬೇಕು.

ಗುಣವನ್ನೂ ನೋಡದೆ ದರವನ್ನು ಒಪ್ಪಬಾರದು. ಒಂದು ಹಿಡಿ ಮಣ್ಣನ್ನು ಗಾಜಿನ ಸೀಸೆಯಲ್ಲಿ ನೀರಿನೊಡನೆ ಕುಲುಕಿ ಒಂದು ದಿನ ಬಿಡಿ. ಮರಳು ತಳಕ್ಕಿಳಿಯುತ್ತದೆ, ಜೇಡಿಯ ನಯವಾದ ಕಣ ಮೇಲೆ ನಿಲ್ಲುತ್ತದೆ. ಬರಿಯ ಜೇಡಿಯಾದರೆ ನೀರು ಇಂಗದು. ಬರಿಯ ಮರಳಾದರೆ ನೀರು ನಿಲ್ಲದು. ಜೇಕಿನ ಗಡ್ಡೆ ಕಂಡರಂತೂ ಆ ಮಣ್ಣು ಪುಕ್ಕಟೆಯಾದರೂ ಬೇಡ.

ಕೊನೆಯದಾಗಿ ಒಂದು ಮಾತು. ಹೊಲದ ಮೇಲ್ಮಣ್ಣು ಒಂದು ಅಂಗುಲ ಬೆಳೆಯಲು ನೂರಾರು ವರ್ಷಗಳು ಬೇಕು. ನಮ್ಮ ಅಂಗಳ ಹಸುರಾಗಲು ಯಾವುದೋ ಹೊಲ ಬರಡಾಗಬಾರದು. ಹುಲ್ಲುಹಾಸಿನ ಬದಲು ಗಿಡಗಳನ್ನೇ ನೆಡುವುದಾದರೆ ಗುಂಡಿಗಳಿಗಷ್ಟೇ ಮಣ್ಣು ಸಾಕು. ಎಲ್ಲ ಬದಿಗೂ ಒಂದೂವರೆ ಅಡಿಯಿರುವ ಹತ್ತು ಗುಂಡಿಗಳಿಗೆ ಬೇಕಾಗುವುದು ಸುಮಾರು 34 ಘನ ಅಡಿ. ಅದರಲ್ಲೂ ಒಂದು ಪಾಲು ಮನೆಯ ತರಗೆಲೆ, ತರಕಾರಿ ಸಿಪ್ಪೆಗಳ ಗೊಬ್ಬರವಾಗಬಹುದು. ತರಿಸದೆ ಉಳಿಸಿದ ಮಣ್ಣಿಗಿಂತ ಅಗ್ಗವಾದ ಮಣ್ಣು ಬೇರಿಲ್ಲ.